ಒಡೆದ ಸ್ಲ್ಯಾಬಿನ ಸಂದಿಯಲ್ಲಿ ಮೀನು: ಗೋವಾದ ‘ಜೆಟ್ಟಿ’ಯಲ್ಲಿ ಸ್ಕೂಬಾ ಇಳಿಯುವುದು ಹೇಗೆ

ನನ್ನ ಅಪ್ಪ ಸೆಂಟ್ರಿಂಗ್ ಮೇಸ್ತ್ರಿ. ಬಾದಾಮಿ ಕಡೆಯಿಂದ ದುಡಿಯಲು ಬಂದು ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ನೆಲೆಯೂರಿದ ಮನೆಗಳಲ್ಲಿ ನಮ್ಮದೂ ಒಂದು. ನೀರಿನ ಕೆಳಗೆ ತೆಗೆದ ನನ್ನ ಮೊದಲ ವಿಡಿಯೋ ತೋರಿಸಿದಾಗ ಅವರು ಮೀನಿನ ಕಡೆ ನೋಡಲೇ ಇಲ್ಲ. ಮೊಬೈಲನ್ನು ಕಣ್ಣ ಹತ್ತಿರ ಹಿಡಿದು, “ಯವ್ವಾ, ಇದು ಸ್ಲ್ಯಾಬ್ ಒಡದ ಹಾಕಿದ್ದಲ್ಲೇನ? ಸರಳು ನೋಡು, ಹೆಂಗ ಹೊರಗ ಬಂದಾವು. ಇದರಾಗ ಕೈ ಹಾಕಬ್ಯಾಡ” ಅಂದರು.

ಈ ತಾಣಕ್ಕೆ ಹೋಗುವವರಿಗೆ ಹೇಳಬೇಕಾದ ಮೊದಲ ಮಾತು ಅದೇ. ಜೆಟ್ಟಿ ಅಂದರೆ ನೀರಿನೊಳಗೆ ಅರ್ಧಕ್ಕೆ ಬಿಟ್ಟ ಒಂದು ಕಟ್ಟಡದ ಸೈಟು ಇದ್ದ ಹಾಗೆ. ಸೈಟಿನಲ್ಲಿ ನಡೆಯುವವನಿಗೆ ಎಷ್ಟು ಎಚ್ಚರ ಬೇಕೋ ಇಲ್ಲಿ ತೇಲುವವರಿಗೂ ಅಷ್ಟೇ ಬೇಕು. ಆ ಎಚ್ಚರ ಇದ್ದರೆ, ಮರಳೇ ತುಂಬಿದ ಗೋವಾದ ಸಮುದ್ರತಳದಲ್ಲಿ ಇಷ್ಟು ಗಿಜಿಗುಡುವ ಜಾಗ ಸಿಗುವುದು ಕಷ್ಟ.

ಎಲ್ಲಿದೆ, ಏನಿದೆ

ಗೋವಾದಲ್ಲಿ ಸ್ಕೂಬಾ ಅಂದರೆ ಬಹುಪಾಲು ಮುರಗಾಂವ್ ಬಂದರಿನ ಹೊರಗಿರುವ ಗ್ರ್ಯಾಂಡೆ ದ್ವೀಪದ ಸುತ್ತಮುತ್ತ. ಮುಳುಗಿದ ಹಡಗಿನ ಅವಶೇಷವಿರುವ ಸುಝೀಸ್ ರೆಕ್, ಬಂಡೆಗಳ ಸಾಲಿನ ಉಮಾ ಗುಮ್ಮಾ ರೀಫ್ ಮೊದಲಾದವು ಅಲ್ಲೇ ಇವೆ. ಹೆಚ್ಚಿನವು 15 ಮೀಟರ್ ಆಳದೊಳಗಿನವು. ಡೈವರ್‌ಗಳು ಜೆಟ್ಟಿ ಎಂದು ಕರೆಯುವ ತಾಣ ಇವುಗಳಿಗಿಂತ ಬೇರೆ ತರಹದ್ದು. ಪ್ರಕೃತಿ ಮಾಡಿದ ಬಂಡೆಯೂ ಅಲ್ಲ, ಮುಳುಗಿದ ಹಡಗೂ ಅಲ್ಲ. ಕಟ್ಟಡ ಕೆಲಸದಲ್ಲಿ ಉಳಿದು ಬಿಸಾಡಿದ ಸಾಮಗ್ರಿಯೇ ಕಾಲಕ್ರಮದಲ್ಲಿ ರೀಫ್, ಅಂದರೆ ಸಮುದ್ರಜೀವಿಗಳ ನೆಲೆ, ಆಗಿದೆ.

ಬಿಸಾಡಿದ ಕಾಂಕ್ರೀಟಿಗೆ ಮೀನು ಯಾಕೆ ಬರಬೇಕು? ಸುತ್ತಲೂ ಮರಳು, ಕೆಸರು. ಅಂಟಿಕೊಂಡು ಬದುಕುವ ಜೀವಿಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಗಟ್ಟಿಯಾದ ವಸ್ತು ಯಾವುದು ಬಿದ್ದರೂ ಮೊದಲು ಬ್ಯಾಕ್ಟೀರಿಯಾದ ಲೋಳೆ ಪದರ, ಅದರ ಮೇಲೆ ಪಾಚಿ, ಆಮೇಲೆ ಬಾರ್ನಕಲ್, ಸಿಂಪಿ, ನೀಲಿಕಲ್ಲಿನಂಥ ಚಿಪ್ಪುಜೀವಿಗಳು ಬಂದು ಕೂರುತ್ತವೆ. ಹೊಸ ಕಾಂಕ್ರೀಟಿನ ಮೈ ತೀರಾ ಕ್ಷಾರ. ಮೇಸ್ತ್ರಿಗಳ ಬೆರಳು ಸುಣ್ಣ ತಿಂದ ಹಾಗೆ ಒಡೆಯುವುದು ಅದರಿಂದಲೇ. ಹಾಗಾಗಿ ಶುರುವಿನಲ್ಲಿ ಎಲ್ಲ ಜೀವಿಗೂ ಅದು ಹಿಡಿಸುವುದಿಲ್ಲ. ಉಪ್ಪುನೀರು ತೊಳೆಯುತ್ತ ಹೋದಂತೆ ಮೈ ಸೌಮ್ಯವಾಗುತ್ತದೆ. ಒರಟು ಮೈ, ತೂತು, ಸಂದಿ, ನೆರಳು ಇದ್ದಲ್ಲಿ ಸಣ್ಣ ಮೀನು ಅಡಗುತ್ತದೆ. ಸಣ್ಣದನ್ನು ತಿನ್ನಲು ದೊಡ್ಡದು ಬರುತ್ತದೆ.

ಇದನ್ನು ಕೇಳಿ, ಹಾಗಾದರೆ ಕಟ್ಟಡದ ಕಸವನ್ನೆಲ್ಲ ಸಮುದ್ರಕ್ಕೇ ಹಾಕಬಹುದಲ್ಲ ಎನ್ನುವವರು ಪ್ರತಿ ಬೋಟಿನಲ್ಲೂ ಒಬ್ಬರು ಇರುತ್ತಾರೆ. ಹಾಕುವಂತಿಲ್ಲ. ಕಟ್ಟಡ ತ್ಯಾಜ್ಯಕ್ಕೆ 2016ರಿಂದಲೇ ಪ್ರತ್ಯೇಕ ನಿಯಮ ಇದೆ, ಕರಾವಳಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಇದೆ. ಅಮೆರಿಕದ ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಮೀನು ಬರಲಿ ಎಂದು ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಮುಳುಗಿಸಿದ್ದರು. ಕಟ್ಟಿದ ಕ್ಲಿಪ್ಪು, ಹಗ್ಗ ಹರಿದು ಟೈರು ಉರುಳಾಡಿ ಪಕ್ಕದ ನಿಜವಾದ ಹವಳದ ಬಂಡೆಯನ್ನೇ ಉಜ್ಜಿ ಹಾಕಿದವು. ಈಗಲೂ ಎತ್ತುತ್ತಲೇ ಇದ್ದಾರೆ. ಯಾವ ವಸ್ತು, ಎಷ್ಟು ಭಾರ, ಎಲ್ಲಿ ಎಂದು ನೋಡಿ ಇಟ್ಟರೆ ಮಾತ್ರ ಕೃತಕ ರೀಫ್. ಇಲ್ಲದಿದ್ದರೆ ಅದು ಕಸವೇ.

ಮೊದಲು: ನಿಮಗೆ ಯಾವ ಡೈವ್ ಎಂದು ತೀರ್ಮಾನಿಸಿ

ಕಲಂಗೂಟ್, ಬಾಗಾ ಬೀಚಿನಲ್ಲಿ “ಸ್ಕೂಬಾ ಬೇಕಾ ಸರ್” ಎಂದು ಬೆನ್ನು ಹತ್ತುವವರ ಪ್ಯಾಕೇಜಿನಲ್ಲಿ ಬೋಟ್ ಸವಾರಿ, ಊಟ, ವಿಡಿಯೋ, ಬಾಳೆಹಣ್ಣು ಆಕಾರದ ಟ್ಯೂಬಿನ ಮೇಲೆ ಸವಾರಿ, ಎಲ್ಲ ಇರುತ್ತದೆ. ನೀರಿನೊಳಗೆ ಇರುವುದು ಹತ್ತು ಹದಿನೈದು ನಿಮಿಷ, ಅದೂ ಬೇರೊಬ್ಬರು ಹಿಂದಿನಿಂದ ಟ್ಯಾಂಕ್ ಹಿಡಿದುಕೊಂಡು. ಅದು ತಪ್ಪೇನಲ್ಲ. ನಿಮ್ಮ ಕಿವಿ, ನಿಮ್ಮ ಧೈರ್ಯ ಎಷ್ಟು ಎಂದು ತಿಳಿಯಲು ಸಾಕು. ಆದರೆ ಅದನ್ನೇ ನಂಬಿ ಸರಳುಗಳ ನಡುವೆ ಇಳಿಯಬೇಡಿ.

ಎರಡನೆಯ ದಾರಿ, ಮಾನ್ಯತೆ ಪಡೆದ ಡೈವ್ ಸೆಂಟರಿನಲ್ಲಿ ಒಂದು ದಿನದ ಪರಿಚಯ ಡೈವ್. ವಯಸ್ಸು 10 ದಾಟಿರಬೇಕು, ಇನ್‌ಸ್ಟ್ರಕ್ಟರ್ ಜೊತೆ ಗರಿಷ್ಠ 12 ಮೀಟರ್. ಆಳದ ಲೆಕ್ಕದಲ್ಲಿ ಜೆಟ್ಟಿಗೆ ಇದೇ ಸಾಕು. ಆದರೆ ಇನ್‌ಸ್ಟ್ರಕ್ಟರ್ ಒಬ್ಬರಿಗೆ ಎಷ್ಟು ಜನ ಎಂದು ಮೊದಲೇ ಕೇಳಿ. ಗೋವಾದ ಮಬ್ಬು ನೀರಿನಲ್ಲಿ ಇಬ್ಬರಿಗಿಂತ ಹೆಚ್ಚು ಎಂದರೆ ನಾನಾಗಿದ್ದರೆ ಎದ್ದು ಬರುತ್ತೇನೆ.

ಮೂರನೆಯದು ಓಪನ್ ವಾಟರ್ ಕೋರ್ಸ್. ಸಾಮಾನ್ಯವಾಗಿ ಮೂರು ನಾಲ್ಕು ದಿನ. 200 ಮೀಟರ್ ಈಜಬೇಕು, 10 ನಿಮಿಷ ಯಾವ ಆಸರೆಯೂ ಇಲ್ಲದೆ ತೇಲಬೇಕು, ಮಾಸ್ಕಿನೊಳಗೆ ನೀರು ತುಂಬಿಸಿ ಖಾಲಿ ಮಾಡಬೇಕು. ಮುಗಿದರೆ ‘ಬಡ್ಡಿ’ಯೊಬ್ಬರ (buddy, ಅಂದರೆ ಜೊತೆಗೆ ಇಳಿಯುವ ಜೋಡಿ ಡೈವರ್) ಜೊತೆ 18 ಮೀಟರಿನವರೆಗೆ ಇಳಿಯುವ ಅರ್ಹತೆ. ಜೆಟ್ಟಿಯನ್ನು ನಿಜವಾಗಿ ನೋಡಬೇಕು ಎಂದರೆ ಇದೇ ದಾರಿ. ಕೋರ್ಸಿನ ಮೊದಲ ಡೈವ್‌ಗಳನ್ನು ಬರೀ ಮರಳಿನ ಮೇಲೆ ಮುಗಿಸಿ, ಕಾಂಕ್ರೀಟನ್ನು ಕೊನೆಗೆ ಇಟ್ಟುಕೊಳ್ಳಿ.

ಆರೋಗ್ಯದ ಫಾರಂ ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಆಪರೇಷನ್, ಗರ್ಭ, ಯಾವುದಿದ್ದರೂ ಮುಚ್ಚಿಡಬೇಡಿ. “ಹೌದು” ಎಂದು ಬರೆದರೆ ವೈದ್ಯರ ಸಹಿ ಕೇಳುತ್ತಾರೆ, ಕೆಲವಕ್ಕೆ ವೈದ್ಯರು ಇಳಿಯಲೇಬೇಡಿ ಎನ್ನಬಹುದು. “ಎಲ್ಲಕ್ಕೂ ಇಲ್ಲ ಅಂತ ಬರೀರಿ ಮೇಡಂ, ಟೈಮಾಗ್ತದೆ” ಎನ್ನುವ ಕಡೆ ದುಡ್ಡು ಕೊಡಬೇಡಿ.

ಯಾವ ತಿಂಗಳು, ಯಾವ ತಿಥಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಡೈವ್ ಬಂದ್. ಅಕ್ಟೋಬರ್‌ನಿಂದ ಮೇ ನಡುವಿನವರೆಗೆ ಸೀಸನ್. ಅಕ್ಟೋಬರ್ ಶುರುವಿನಲ್ಲಿ ಮಾಂಡವಿ, ಜುವಾರಿ ನದಿಗಳು ತಂದ ಕೆಂಪು ಮಣ್ಣು ಇನ್ನೂ ಕೂತಿರುವುದಿಲ್ಲ. ನೀರು 27ರಿಂದ 30 ಡಿಗ್ರಿ ಬೆಚ್ಚಗೆ. 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ಅಂದರೆ ಮೈಗೆ ಅಂಟುವ ರಬ್ಬರ್ ಉಡುಪು, ಸಾಕು. ಚಳಿಗಿಂತ ಹೆಚ್ಚಾಗಿ ಸಿಂಪಿಯ ಅಂಚು ಮೈ ಗೀರದಿರಲಿ ಎಂದೇ ಅದು ಬೇಕು.

ನೇತ್ರಾಣಿಗೆ ಹೋಗಿಬಂದ ಮುರ್ಡೇಶ್ವರದ ಕಡೆಯವರು ಇಲ್ಲಿ ಮೊದಲ ಸಲ ಇಳಿದಾಗ ಮುಖ ಸಪ್ಪೆ ಮಾಡುತ್ತಾರೆ. ಅಲ್ಲಿ ಒಳ್ಳೆಯ ದಿನ ಹದಿನೈದು ಮೀಟರ್ ದೂರ ಕಾಣುತ್ತದೆ, ಇಲ್ಲಿ ನಾಲ್ಕೈದು ಮೀಟರ್ ಕಂಡರೆ ನಾವು ಪೇಡೆ ಹಂಚುತ್ತೇವೆ. ಅದು ಕೊರತೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಜೆಟ್ಟಿಯಲ್ಲಿ ದೂರ ನೋಡುವ ಕೆಲಸವೇ ಇಲ್ಲ. ಒಂದು ಕಂಬದ ಒಂದು ಮುಖದ ಮೇಲೆ ಹತ್ತು ನಿಮಿಷ ಕಳೆಯಬಹುದು.

ದಿನ ಆರಿಸಲು ಪಂಚಾಂಗ ನೋಡಿ. ತಮಾಷೆಯಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತದ ಅಂತರ ಹೆಚ್ಚು, ಸೆಳೆತ ಜೋರು, ಕೆಸರು ಏಳುತ್ತದೆ. ಅಷ್ಟಮಿಯ ಹಿಂದುಮುಂದು ಅಂತರ ಕಡಿಮೆ, ನೀರು ಸಮಾಧಾನವಾಗಿರುತ್ತದೆ. ಅದೇ ದಿನದಲ್ಲಿ ಉಬ್ಬರ ತುಂಬಿ ನಿಂತ ಹೊತ್ತು ಇನ್ನೂ ಒಳ್ಳೆಯದು, ಏಕೆಂದರೆ ಆಗ ಹೊರ ಸಮುದ್ರದ ತಿಳಿನೀರು ಒಳಗೆ ಬಂದಿರುತ್ತದೆ. ಉಬ್ಬರದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಬೋಟ್ ಓಡಿಸುವ ತಾಂಡೇಲರನ್ನು ಕೇಳಿದರೆ ಅದಕ್ಕಿಂತ ಸರಿಯಾಗಿ ಹೇಳುತ್ತಾರೆ.

ಹಿಂದಿನ ರಾತ್ರಿ, ಅಂದಿನ ಬೆಳಗ್ಗೆ

ಕುಡಿಯಬೇಡಿ. ಗೋವಾಕ್ಕೆ ಬಂದವರಿಗೆ ಈ ಮಾತು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹಿಂದಿನ ರಾತ್ರಿಯ ಫೆನಿ ಮೈಯ ನೀರು ಹೀರುತ್ತದೆ, ಆಳದ ಒತ್ತಡದಲ್ಲಿ ರಕ್ತಕ್ಕೆ ಕರಗಿದ ಗಾಳಿಯ ಸಾರಜನಕ, ನೀರು ಕಡಿಮೆಯಾದ ಮೈಯಿಂದ ಸರಿಯಾಗಿ ಹೊರಹೋಗುವುದಿಲ್ಲ. ನೆಗಡಿ ಇದ್ದರೆ ಡೈವ್ ರದ್ದು ಮಾಡಿ. ಮೂಗು ಕಟ್ಟಿದವರಿಗೆ ಕಿವಿ ತೆರೆಯುವುದಿಲ್ಲ, ಅಂದರೆ ಕಿವಿಯ ಒಳಗಿನ ಒತ್ತಡ ಹೊರಗಿನದಕ್ಕೆ ಸರಿಹೋಗುವುದಿಲ್ಲ. ಮಾತ್ರೆ ನುಂಗಿ ಇಳಿದರೆ ಕೆಳಗೆ ಮಾತ್ರೆಯ ಶಕ್ತಿ ಇಳಿದು, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು.

ಬೆಳಗ್ಗೆ ಎರಡು ಇಡ್ಲಿ, ಬಾಳೆಹಣ್ಣು. ವಾಸ್ಕೋ ಮಾರ್ಕೆಟ್ ಹತ್ತಿರ ಮಿರ್ಚಿ ಬಜಿಯ ವಾಸನೆ ಬರುತ್ತದೆ, ಮುಂದೆ ನಡೆಯಿರಿ. ಬೋಟಿನಲ್ಲಿ ವಾಂತಿ ಬರುವವರು ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ ಬನ್ನಿ, ಯಾಕೆಂದರೆ ಬಸ್ಸಿಗೆ ತೆಗೆದುಕೊಳ್ಳುವ ಹಲವು ಮಾತ್ರೆ ನಿದ್ದೆ ಬರಿಸುತ್ತವೆ. ಬೋಟ್ ಹತ್ತಿದ ಮೇಲೆ ಕಣ್ಣನ್ನು ದಿಗಂತದ ಮೇಲಿಡಿ, ಮೊಬೈಲ್ ಮೇಲಲ್ಲ. ಬೈನಾ, ಬೋಗ್ಮಾಲೊ ಕಡೆಯಿಂದ ಹೊರಟರೆ ಪ್ರಯಾಣ ಚಿಕ್ಕದು, ಉತ್ತರ ಗೋವಾದಿಂದ ಉದ್ದ.

ಧನುರ್ವಾತದ ಚುಚ್ಚುಮದ್ದು ಅವಧಿಯೊಳಗೆ ಇದೆಯೇ ನೋಡಿಕೊಳ್ಳಿ. ಅಪ್ಪನ ಮಾತು.

ಬೋಟಿನ ಮೇಲೆ: ಸಾಮಾನು ಪರೀಕ್ಷೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಕೋರ್ಸಿನಲ್ಲಿ ಹತ್ತು ಸಲ ಮಾಡಿಸುತ್ತಾರೆ. ಸಿಲಿಂಡರಿನ ವಾಲ್ವ್ ಪೂರ್ತಿ ತೆರೆಯಿರಿ. ಪ್ರೆಶರ್ ಗೇಜ್ 200 ಬಾರ್ (ಗಾಳಿಯ ಒತ್ತಡದ ಅಳತೆ) ಹತ್ತಿರ ಇರಬೇಕು. ಗೇಜ್ ನೋಡುತ್ತಲೇ, ಬಾಯಿಗೆ ಕಚ್ಚಿಕೊಳ್ಳುವ ರೆಗ್ಯುಲೇಟರಿನಿಂದ ನಾಲ್ಕೈದು ಸಲ ಉಸಿರಾಡಿ. ಮುಳ್ಳು ಕುಣಿದರೆ ವಾಲ್ವ್ ಸರಿ ತೆರೆದಿಲ್ಲ. ಬಿಸಿಡಿ ಜಾಕೆಟ್ಟಿಗೆ, ಅಂದರೆ ತೇಲುವುದನ್ನು ಹೆಚ್ಚು ಕಡಿಮೆ ಮಾಡುವ ಗಾಳಿಯ ಜಾಕೆಟ್ಟಿಗೆ, ಗಾಳಿ ತುಂಬಿ, ಖಾಲಿ ಮಾಡಿ ನೋಡಿ. ಹೆಚ್ಚುವರಿ ರೆಗ್ಯುಲೇಟರ್, ಅಂದರೆ ಹಳದಿ ಪೈಪಿನದು, ಎದೆಯ ಮೇಲೆ ಸಿಕ್ಕಿಸಿದೆಯೇ ನೋಡಿ. ತೂಗಾಡುವ ಪೈಪು, ಗೇಜ್, ಕ್ಯಾಮೆರಾ ಹಗ್ಗ, ಎಲ್ಲವನ್ನೂ ಮೈಗೆ ಒತ್ತಿ ಕಟ್ಟಿ. ಬೇರೆ ತಾಣದಲ್ಲಿ ಇದು ಶಿಸ್ತಿನ ಮಾತು, ಜೆಟ್ಟಿಯಲ್ಲಿ ಜೀವದ ಮಾತು. ಸರಳಿನ ಕೊಕ್ಕೆಗೆ ಮೊದಲು ಸಿಕ್ಕುವುದು ತೂಗಾಡುವ ಪೈಪೇ.

ಒಂದು ಸಣ್ಣ ಕಟ್ಟರ್ ಕೈಗೆ ಎಟುಕುವ ಕಡೆ ಇರಲಿ. ಕಾಂಕ್ರೀಟಿಗೆ ಮೀನು ಬರುತ್ತದೆ ಎಂಬುದು ಮೀನುಗಾರರಿಗೂ ಗೊತ್ತು, ಹಾಗಾಗಿ ಹರಿದ ಬಲೆ, ಗಾಳದ ನೈಲಾನ್ ದಾರ ಸಿಕ್ಕಿಕೊಂಡಿರುತ್ತದೆ. ನೀರಿನಲ್ಲಿ ಆ ದಾರ ಕಣ್ಣಿಗೆ ಕಾಣುವುದೇ ಇಲ್ಲ.

ಕೈಸನ್ನೆ ನೆನಪಿರಲಿ: ಹೆಬ್ಬೆರಳು ಮೇಲೆತ್ತಿದರೆ “ಚೆನ್ನಾಗಿದೆ” ಎಂದಲ್ಲ, “ಮೇಲೆ ಹೋಗೋಣ” ಎಂದು. ಚೆನ್ನಾಗಿದ್ದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ. ನಮ್ಮವರು ಖುಷಿಯಾಗಿ ಹೆಬ್ಬೆರಳು ಎತ್ತಿ, ಗುಂಪನ್ನು ನಡೆಸುವ ಡೈವ್‌ಮಾಸ್ಟರ್ ಮೇಲೆ ಕರೆದುಕೊಂಡು ಬಂದಾಗ ಬೇಜಾರು ಮಾಡಿಕೊಂಡಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ತೂಕ: ಇಡೀ ಡೈವ್ ಇದರ ಮೇಲೆ ನಿಂತಿದೆ

ಇಲ್ಲಿ ಸ್ವಲ್ಪ ನಿಲ್ಲೋಣ. ಸೊಂಟದ ಬೆಲ್ಟಿನಲ್ಲಿ ಸೀಸದ ತೂಕ ಕಟ್ಟುತ್ತಾರೆ, ವೆಟ್‌ಸೂಟು ತೇಲುವುದನ್ನು ಸರಿದೂಗಿಸಲು. ಹೊಸಬರಿಗೆ ಬೇಗ ಮುಳುಗಲಿ ಎಂದು ಎರಡು ಕೆಜಿ ಹೆಚ್ಚೇ ಕಟ್ಟುವ ರೂಢಿ ಇದೆ. ನನಗೂ ಹಾಗೇ ಕಟ್ಟಿದ್ದರು. ಇಳಿದವಳು ಸೀದಾ ತಳಕ್ಕೆ ಕೂತೆ. ಏಳಲು ಜಾಕೆಟ್ಟಿಗೆ ಗಾಳಿ ತುಂಬಿದೆ, ಹೆಚ್ಚಾಯಿತು, ಬಲೂನಿನ ಹಾಗೆ ಎದ್ದೆ. ಗಾಳಿ ಬಿಟ್ಟೆ, ಮತ್ತೆ ಬಿದ್ದೆ. ಮೂರನೆಯ ಸಲ ಬಿದ್ದಾಗ ಫಿನ್ನು, ಅಂದರೆ ಕಾಲಿಗೆ ಹಾಕುವ ಈಜುರೆಕ್ಕೆ, ಸರಳಿಗೆ ಸಿಕ್ಕಿ ಪಟ್ಟಿ ಹರಿಯಿತು. ಇನ್ನು ಒಂದಡಿ ಆಚೆ ಬಿದ್ದಿದ್ದರೆ ತೊಡೆಯೇ ಸಿಕ್ಕುತ್ತಿತ್ತು.

ಹಾಗಾಗಿ ಇಳಿಯುವ ಮುನ್ನ ನೀರಿನ ಮೇಲೇ ಪರೀಕ್ಷೆ ಮಾಡಿ. ಜಾಕೆಟ್ ಪೂರ್ತಿ ಖಾಲಿ ಮಾಡಿ, ಸಾಧಾರಣ ಉಸಿರು ಎಳೆದು, ಕಾಲು ಆಡಿಸದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ನಿಧಾನ ಮುಳುಗಬೇಕು. ತಲೆ ಪೂರ್ತಿ ಮೊದಲೇ ಒಳಗೆ ಹೋದರೆ ತೂಕ ಹೆಚ್ಚು, ಒಂದು ಕೆಜಿ ತೆಗೆಸಿ. ಇನ್ನೊಂದು ಲೆಕ್ಕವೂ ಇದೆ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಅಂದರೆ ಸುಮಾರು 2200 ಲೀಟರ್ ಗಾಳಿ, ಅದರ ತೂಕ ಎರಡೂವರೆ ಕೆಜಿ ಮೇಲೆ. ಡೈವ್ ಮುಗಿಯುವಾಗ ನೀವು ಹೆಚ್ಚು ಕಡಿಮೆ ಎರಡು ಕೆಜಿ ಹಗುರ ಆಗಿರುತ್ತೀರಿ. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷೆ ಮಾಡಿದರೆ ಆ ಎರಡು ಕೆಜಿ ಗಮನದಲ್ಲಿಟ್ಟುಕೊಂಡೇ ನಿರ್ಧರಿಸಿ.

ತೂಕ ಸರಿಯಾದ ಮೇಲೆ ಏರಿಳಿತ ಮಾಡಬೇಕಾದ್ದು ಶ್ವಾಸಕೋಶದಿಂದ. ದೀರ್ಘ ಉಸಿರು ಎಳೆದರೆ ಒಂದು ಕ್ಷಣದಲ್ಲೇ ಮೈ ಅರ್ಧ ಅಡಿ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಪ್ರಾಣಾಯಾಮ ಕಲಿತವರಿಗೆ ಇದು ಸುಲಭ. ಆದರೆ ಕುಂಭಕ ಮಾತ್ರ ಬೇಡ. ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಪೊರೆ ಹರಿಯಬಹುದು. 10 ಮೀಟರ್ ಕೆಳಗೆ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಎಳೆದ ಒಂದು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್. ಸ್ಕೂಬಾದ ಎಲ್ಲ ನಿಯಮ ಮರೆತರೂ ಇದೊಂದು ಮರೆಯಬೇಡಿ: ಉಸಿರು ಎಂದೂ ಕಟ್ಟಬಾರದು.

ಮರಳಿನ ಮೇಲೆ, ಯಾವುದನ್ನೂ ಮುಟ್ಟದೆ, ಕೈ ಆಡಿಸದೆ ಎರಡು ನಿಮಿಷ ಒಂದೇ ಎತ್ತರದಲ್ಲಿ ನಿಲ್ಲಲು ಬಂತೇ? ಬಂದರೆ ಕಾಂಕ್ರೀಟಿನ ಹತ್ತಿರ ಹೋಗಿ. ಬರದಿದ್ದರೆ ಇವತ್ತು ಬೇಡ, ನಾಳೆ.

ಇಳಿಯುವುದು

ಆಂಕರ್ ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿಯಿರಿ. ಮಬ್ಬು ನೀರಿನಲ್ಲಿ ಹಗ್ಗ ಇಲ್ಲದೆ ಇಳಿದರೆ ಮೇಲೆ ಯಾವುದು ಕೆಳಗೆ ಯಾವುದು ಎಂದೇ ಗೊಂದಲ. ತಲೆ ಮುಳುಗಿದ ಕೂಡಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿ ತೆರೆಯಿರಿ. ನೋವಾಗುವವರೆಗೆ ಕಾಯಬೇಡಿ, ಪ್ರತಿ ಅರ್ಧ ಮೀಟರಿಗೆ ಒಮ್ಮೆ. ತೆರೆಯಲಿಲ್ಲವೇ? ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಮೇಲೂ ಇಲ್ಲವಾದರೆ ಕಿವಿ ತೋರಿಸಿ, ಕೈ ಅಡ್ಡಡ್ಡ ಆಡಿಸಿ, ಮೇಲೆ ಹೋಗಿ. ಜೋರಾಗಿ ಊದಿದವರು ತಿಂಗಳುಗಟ್ಟಲೆ ಇಎನ್‌ಟಿ ವೈದ್ಯರ ಬಳಿ ಓಡಾಡಿದ್ದಾರೆ.

ತಳಕ್ಕೆ ಎರಡು ಮೀಟರ್ ಇರುವಾಗಲೇ ನಿಲ್ಲಿ. ಕೆಳಗೆ ಏನಿದೆ ಎಂದು ನೋಡಿ, ಆಮೇಲೆ ಅಡ್ಡ ಮಲಗಿ. ಹಗ್ಗದ ಬುಡ ಎಲ್ಲಿದೆ, ದಿಕ್ಸೂಚಿ ಏನು ತೋರುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಓರೆಯಾಗಿ ನಿಂತ ಕಂಬವೋ, ತುಂಡಾದ ಹಲಗೆಯೋ, ಒಂದು ಗುರುತು ಬೇಕೇ ಬೇಕು. ವಾಪಸ್ ಬರುವಾಗ ಎಲ್ಲ ಸ್ಲ್ಯಾಬೂ ಒಂದೇ ತರಹ ಕಾಣುತ್ತದೆ.

ಕಾಂಕ್ರೀಟಿನ ನಡುವೆ ಈಜುವುದು

ಸೈಕಲ್ ತುಳಿದ ಹಾಗೆ ಕಾಲು ಹೊಡೆದರೆ ತಳದ ಕೆಸರು ಎದ್ದು ಹಿಂದಿನವರಿಗೆ ಏನೂ ಕಾಣುವುದಿಲ್ಲ. ಮೊಣಕಾಲು ಮಡಚಿ, ಪಾದವನ್ನು ಪಕ್ಕಕ್ಕೆ ತಳ್ಳುವ ಕಪ್ಪೆ ಈಜು ಕಲಿಯಿರಿ. ನಮ್ಮೂರ ಬಾವಿಯಲ್ಲಿ ಈಜು ಕಲಿತವರಿಗೆ ಇದು ಬಂದೇ ಇರುತ್ತದೆ, ಸ್ವಿಮ್ಮಿಂಗ್ ಪೂಲಿನಲ್ಲಿ ಕಲಿತವರೇ ತಡವರಿಸುತ್ತಾರೆ.

ಈಗ ಸರಳಿನ ವಿಷಯ. ನೆಲದ ಮೇಲಿನ ಮನೆಯ ಸ್ಲ್ಯಾಬಿನಲ್ಲಿ ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ 20 ಮಿಲಿಮೀಟರ್ ಇದ್ದರೆ ಸಾಕು ಎನ್ನುತ್ತಾರೆ. ಸಮುದ್ರದ ಉಬ್ಬರ ಇಳಿತದ ನೀರು ತಾಗುವ ಕಟ್ಟಡಕ್ಕೆ ನಮ್ಮ ದೇಶದ ಕಾಂಕ್ರೀಟ್ ಮಾನದಂಡ ಐಎಸ್ 456 ಕೇಳುವುದು 75 ಮಿಲಿಮೀಟರ್. ಕಾರಣ ಉಪ್ಪು. ಅದು ಕಾಂಕ್ರೀಟಿನೊಳಗೆ ಇಂಗಿ ಸರಳನ್ನು ತಿನ್ನುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ, ಒಳಗಿಂದಲೇ ಕಾಂಕ್ರೀಟನ್ನು ಸೀಳಿ ಚಕ್ಕೆ ಚಕ್ಕೆಯಾಗಿ ಬೀಳಿಸುತ್ತದೆ. ಒಡೆದು ಬಿಸಾಡಿದ ತುಂಡಿನಲ್ಲಂತೂ ಹೊದಿಕೆಯ ಮಾತೇ ಇಲ್ಲ, ಸರಳಿನ ತುದಿ ಮೊದಲೇ ಬೆತ್ತಲೆ. ಇದರಿಂದ ಡೈವರಿಗೆ ತಿಳಿಯಬೇಕಾದ್ದು ಎರಡು. ಕಳೆದ ಸೀಸನ್‌ನಲ್ಲಿ ಸರಿಯಾಗಿದ್ದ ಹಲಗೆ ಈ ಸೀಸನ್‌ನಲ್ಲಿ ಸಡಿಲವಾಗಿರಬಹುದು. ಮತ್ತು ಪಾಚಿ ಮೆತ್ತಿಕೊಂಡ ಸರಳು ಹವಳದ ಕೊಂಬೆಯ ಹಾಗೆ ಚೆಂದ ಕಾಣಬಹುದು.

ಅದಕ್ಕೇ ನನ್ನ ಕಟ್ಟುನಿಟ್ಟು. ಯಾವ ತುಂಡಿಗೂ ಒಂದು ತೋಳಿನಷ್ಟು ಅಂತರ. ಯಾವುದನ್ನೂ ಹಿಡಿದು ನಿಲ್ಲುವುದಿಲ್ಲ, ಗ್ಲೌಸ್ ಇದ್ದರೂ ಇಲ್ಲ. ಗ್ಲೌಸ್ ಹಾಕಿದವರಿಗೇ ಕೈ ಇಡುವ ಚಟ ಹೆಚ್ಚು. ಎರಡು ಹಲಗೆ ಸೇರಿ ಗುಡಿಸಲಿನ ಹಾಗೆ ನಿಂತಲ್ಲಿ ಒಳಗೆ ನುಸುಳುವುದಿಲ್ಲ, ಆಚೆ ಬೆಳಕು ಕಂಡರೂ ಸರಿ. ತಲೆಯ ಮೇಲೆ ಕಾಂಕ್ರೀಟ್ ಇದ್ದರೆ ಸೀದಾ ಮೇಲೆ ಬರುವ ದಾರಿ ಇಲ್ಲ ಎಂದೇ ಅರ್ಥ. ಟಾರ್ಚ್ ಹಾಕಿ ಹೊರಗಿನಿಂದ ನೋಡಿ, ಕಾಣಬೇಕಾದ್ದೆಲ್ಲ ಕಾಣುತ್ತದೆ. ಅಲೆಯ ತೂಗಾಟ ಆಳವಿಲ್ಲದ ಈ ಜಾಗಕ್ಕೂ ತಲುಪುತ್ತದೆ, ನಿಮ್ಮನ್ನು ಒಂದು ಮೀಟರ್ ಆಚೆ ಒಂದು ಮೀಟರ್ ಈಚೆ ಒಯ್ಯುತ್ತದೆ. ಅದರ ವಿರುದ್ಧ ಹೊಡೆದಾಡಬೇಡಿ. ಅದು ಕಾಂಕ್ರೀಟಿನ ಕಡೆ ಒಯ್ಯುವಾಗ ಸುಮ್ಮನಿದ್ದು, ಆಚೆ ಒಯ್ಯುವಾಗ ಒಂದು ಕಾಲು ಹೊಡೆತ. ಗೋಡೆಯ ಸಮೀಪ ಜೋರಾಗಿದ್ದರೆ ಆ ಭಾಗ ಬಿಟ್ಟುಬಿಡಿ.

ದಾರ ಸಿಕ್ಕಿಕೊಂಡರೆ ತಿರುಗಬೇಡಿ, ಎಳೆಯಬೇಡಿ. ತಿರುಗಿದಷ್ಟೂ ಸುತ್ತಿಕೊಳ್ಳುತ್ತದೆ. ನಿಂತು, ಉಸಿರಾಡಿ, ಬಡ್ಡಿಗೆ ಸನ್ನೆ ಮಾಡಿ. ಅವರಿಗೆ ಕಾಣುವುದು ನಿಮಗೆ ಕಾಣುವುದಿಲ್ಲ, ಕತ್ತರಿಸುವುದು ಅವರ ಕೆಲಸ.

ಏನು ನೋಡಬೇಕು

ಮೊದಲು ಮೇಲ್ಮೈ ನೋಡಿ. ಸಿಂಪಿ, ಬಾರ್ನಕಲ್, ಬಣ್ಣದ ಸ್ಪಂಜು ಹೊದ್ದ ಕಾಂಕ್ರೀಟಿನಲ್ಲಿ ಎಲ್ಲೋ ಒಂದೆಡೆ ಸೆಂಟ್ರಿಂಗ್ ಹಲಗೆಯ ಗೆರೆ ಇನ್ನೂ ಕಾಣಬಹುದು. ನನಗೆ ಅದು ಕಂಡ ದಿನ ಮೀನಿಗಿಂತ ಅದನ್ನೇ ಹೆಚ್ಚು ಹೊತ್ತು ನೋಡಿದೆ. ಯಾರದೋ ಕೈ ಕಟ್ಟಿದ ಹಲಗೆ.

ಆಮೇಲೆ ಸಂದಿಗಳು. ಟಾರ್ಚನ್ನು ನೇರ ಮುಖಕ್ಕೆ ಹಿಡಿಯದೆ ಪಕ್ಕದಿಂದ ಬಿಡಿ. ಬಾಯಿ ತೆರೆದು ಮುಚ್ಚುವ ಮೊರೆ ಈಲ್ ಬೆದರಿಸುತ್ತಿಲ್ಲ, ಉಸಿರಾಡುತ್ತಿದೆ. ಮುರು ಮೀನು ನೆರಳಿನಲ್ಲಿ ನಿಂತು ನಿಮ್ಮನ್ನು ಅಳೆಯುತ್ತದೆ. ಪಟ್ಟೆ ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನು ಮೊಟ್ಟೆ ಕಾಯುತ್ತಿದ್ದರೆ ನಿಮ್ಮ ಮಾಸ್ಕಿಗೇ ಗುದ್ದುತ್ತದೆ, ಅಂಗೈ ಅಗಲದ ಮೀನಿಗೆ ಅಷ್ಟು ಧೈರ್ಯ. ಲಯನ್‌ಫಿಶ್ ರೆಕ್ಕೆ ಬಿಚ್ಚಿ ನಿಧಾನ ತೇಲುತ್ತಿದ್ದರೆ ದೂರ ಇರಿ, ಬೆನ್ನ ಮುಳ್ಳಲ್ಲಿ ವಿಷ. ಅದಕ್ಕಿಂತ ಅಪಾಯ ಕಾಂಕ್ರೀಟ್ ಚೂರಿನಂತೆಯೇ ಕಾಣುವ ಸ್ಕಾರ್ಪಿಯನ್ ಮೀನು. ಮುಟ್ಟಬೇಡಿ ಎಂದು ನಾನು ಬಡಿದುಕೊಳ್ಳುವುದಕ್ಕೆ ಅರ್ಧ ಕಾರಣ ಸರಳು, ಇನ್ನರ್ಧ ಇದು. ಚುಚ್ಚಿದರೆ ಮೈ ತಡೆಯುವಷ್ಟು ಬಿಸಿನೀರಿನಲ್ಲಿ ಆ ಭಾಗ ಅದ್ದಿ, ಆಸ್ಪತ್ರೆಗೆ ಹೊರಡಿ. ಅಂಚಿನ ಮರಳಿನಲ್ಲಿ ತೊರಕೆ ಮಲಗಿರಬಹುದು, ಅದಕ್ಕೇ ತಳಕ್ಕೆ ಮಂಡಿ ಊರಬಾರದು.

ನೆನಪಿಗೆ ಒಂದು ಚಿಪ್ಪು, ಹವಳದ ತುಂಡು ಎಂದು ಜೇಬಿಗೆ ಹಾಕಬೇಡಿ. ರೀಫ್ ಕಟ್ಟುವ ಹವಳ, ಸಮುದ್ರಕುದುರೆ, ಸಮುದ್ರಸೌತೆ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹುಲಿಯ ಉಗುರು ಒಯ್ದ ಹಾಗೆಯೇ ಲೆಕ್ಕ.

ಗಾಳಿಯ ಲೆಕ್ಕ, ಮೇಲೆ ಬರುವುದು

8 ಮೀಟರ್ ಆಳ ಎಂದು ಹಿಡಿಯೋಣ. ಅಲ್ಲಿ ಒತ್ತಡ 1.8 ಬಾರ್. ಸಮಾಧಾನವಾಗಿ ಉಸಿರಾಡುವವರು ಮೇಲೆ ನಿಮಿಷಕ್ಕೆ 20 ಲೀಟರ್ ಬಳಸಿದರೆ ಅಲ್ಲಿ 36 ಲೀಟರ್. 50 ಬಾರ್ ಉಳಿಸಲೇಬೇಕು, ಅಂದರೆ ಖರ್ಚಿಗೆ ಇರುವುದು 1650 ಲೀಟರ್. ಸುಮಾರು 45 ನಿಮಿಷ. ಗಾಬರಿಯಲ್ಲಿರುವ ಹೊಸಬರು 30 ಲೀಟರ್ ಎಳೆದರೆ ಅದೇ ಸಿಲಿಂಡರ್ ಅರ್ಧ ಗಂಟೆಗೆ ಮುಗಿಯುತ್ತದೆ. ಆಳ ಕಡಿಮೆ ಎಂದು ಗೇಜ್ ನೋಡುವುದನ್ನು ಮರೆಯಬೇಡಿ. 100 ಬಾರಿಗೆ ಬಡ್ಡಿಗೆ ತಿಳಿಸಿ ಹಗ್ಗದ ಕಡೆ ತಿರುಗಿ. ಇಬ್ಬರಲ್ಲಿ ಕಡಿಮೆ ಗಾಳಿ ಇರುವವರ ಗೇಜೇ ಇಬ್ಬರಿಗೂ ಲೆಕ್ಕ.

ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರ್ ಮೀರಬಾರದು. 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಇಷ್ಟು ಕಡಿಮೆ ಆಳಕ್ಕೆ ಕಡ್ಡಾಯವಲ್ಲ ಎಂದು ಕೆಲವರು ವಾದಿಸುತ್ತಾರೆ, ನಾನು ನಿಲ್ಲುತ್ತೇನೆ. ತಲೆ ಎತ್ತಿ, ಒಂದು ಕೈ ಮೇಲೆ ಚಾಚಿ, ಎಂಜಿನ್ ಸದ್ದು ಕೇಳಿ ಬನ್ನಿ. ಶನಿವಾರ ಭಾನುವಾರ ಗ್ರ್ಯಾಂಡೆ ಸುತ್ತ ಪ್ರವಾಸಿ ಬೋಟುಗಳ ಜಾತ್ರೆ. ಮೇಲೆ ಬರುವ ಮುಂಚೆ ಕಿತ್ತಳೆ ಬಣ್ಣದ ಉದ್ದನೆಯ ಗುರುತು ಬಲೂನನ್ನು ಡೈವ್‌ಮಾಸ್ಟರ್ ಮೇಲೆ ಬಿಡದಿದ್ದರೆ ಕಾರಣ ಕೇಳಿ.

ಘಟ್ಟ ಹತ್ತುವ ಮುನ್ನ

ವಿಮಾನಕ್ಕೆ ಮುಂಚೆ ಕಾಯಬೇಕು ಎಂಬುದು ಎಲ್ಲರಿಗೂ ಗೊತ್ತು: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಮೂರು ಡೈವ್ ಅಥವಾ ಹಲವು ದಿನದ ಡೈವ್ ಆದರೆ 18 ಗಂಟೆ. ನಮ್ಮವರು ತಪ್ಪುವುದು ಬೇರೆ ಕಡೆ. ಬೆಳಗ್ಗೆ ಎರಡು ಡೈವ್ ಮಾಡಿ, ಮೀನೂಟ ಮುಗಿಸಿ, ಸಂಜೆಗೆ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೊರಡುತ್ತಾರೆ. ವಾಸ್ಕೋದಿಂದ ದೂಧ್‌ಸಾಗರದ ಮೇಲೆ ಹುಬ್ಬಳ್ಳಿ ರೈಲು ಹಿಡಿಯುವವರದೂ ಅದೇ ಕಥೆ. ಕಾಯುವ ನಿಯಮ 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಬೆಳಗಾವಿ, ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿವೆ, ಬೆಂಗಳೂರು 900. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಬಹುದು; ಅದಕ್ಕೆ ನೀವು ಹತ್ತಿದ್ದು ವಿಮಾನವೋ ಕೆಎಸ್ಸಾರ್ಟಿಸಿ ಬಸ್ಸೋ ಗೊತ್ತಾಗುವುದಿಲ್ಲ. ಒಂದು ರಾತ್ರಿ ಗೋವಾದಲ್ಲೇ ಉಳಿಯಿರಿ. ಕಾರವಾರ, ಕುಮಟಾ ಕಡೆಯವರಿಗೆ ಈ ತಾಪತ್ರಯವಿಲ್ಲ, ದಾರಿಯೆಲ್ಲ ಕರಾವಳಿ.

ಡೈವ್ ಆದ ಮೇಲೆ ಕೀಲುನೋವು, ಜೋಮು, ತಲೆಸುತ್ತು, ವಿಚಿತ್ರ ಸುಸ್ತು, ಚರ್ಮದ ಮೇಲೆ ಕಲೆ ಕಲೆ ಕಂಡರೆ “ಈಜಿದ್ದಕ್ಕೆ ಮೈ ನೋವು” ಎಂದು ಮಲಗಬೇಡಿ. ಅದು ಸಾರಜನಕದ ಗುಳ್ಳೆಯ ತೊಂದರೆ ಇರಬಹುದು. ಅಂಥವರಿಗೆ ಜೊತೆಯವರು ಶುದ್ಧ ಆಮ್ಲಜನಕ ಕೊಡಬೇಕು, 108ಕ್ಕೆ ಕರೆ ಮಾಡಬೇಕು. ಸಮುದ್ರದ ಮೇಲೇ ಅವಘಡವಾದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554. ಬೋಟಿನಲ್ಲಿ ಆಮ್ಲಜನಕದ ಪೆಟ್ಟಿಗೆ ಇದೆಯೇ ಎಂದು ಹತ್ತುವಾಗಲೇ ಕೇಳಿಟ್ಟುಕೊಂಡಿದ್ದರೆ ಆಗ ಹುಡುಕಬೇಕಾಗುವುದಿಲ್ಲ.

ಇನ್ನು ಸಾಮಾನು. ಮಾಸ್ಕ್, ಫಿನ್, ಕಟ್ಟರ್ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಲಾಗ್ ಪುಸ್ತಕದಲ್ಲಿ ಮೀನಿನ ಪಟ್ಟಿಗಿಂತ ಮೊದಲು ತೂಕ ಬರೆಯಿರಿ. ನನ್ನ ಹಳೆಯ ಪುಟದಲ್ಲಿ ಹೀಗಿದೆ: “ಜೆಟ್ಟಿ. ಅಷ್ಟಮಿ ಮರುದಿನ. 4 ಮೀಟರ್ ಕಂಡಿತು. ತೂಕ 7 ಕೆಜಿ, ಹೆಚ್ಚಾಯ್ತು. ಫಿನ್ ಪಟ್ಟಿ ಹೋಯ್ತು.” ಮುಂದಿನ ಪುಟದಲ್ಲಿ 5 ಕೆಜಿ.